ಒಗೆಯುವ ಕಲ್ಲು

ಊರಿನ ಇತಿಹಾಸ ಬರೆಯಲು ಬಂದ ಮೇಷ್ಟ್ರಿಗೆ ಕೆರೆಯ ದಡದಲ್ಲಿ ದ್ಯಾವಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಅಂಚಿನಲ್ಲಿ ಎರಡು ಹಳೆಯ ಅಕ್ಷರ ಕಂಡವು. ಮಿಕ್ಕ ಬರಹವೆಲ್ಲ ಅಡಿಯಲ್ಲಿತ್ತು. ಅಕ್ಷರಕ್ಕೆ ಸಿಕ್ಕಿ ಸೀರೆ ಹರಿಯುತ್ತದೆಂದು ಹಿಂದಿನವರು ಕಲ್ಲನ್ನು ಮಗುಚಿ ಹಾಕಿದ್ದರು.

“ಇದು ಶಾಸನ ಕಣಮ್ಮ! ಮ್ಯೂಸಿಯಂಗೆ ಸಾಗಿಸ್ತೀವಿ.”

“ನಮ್ಮತ್ತೆ, ಅವರತ್ತೆ, ಎಲ್ರೂ ಇದ್ರ ಮ್ಯಾಲೇ ಒಗ್ದವ್ರೆ. ನಿಮ್ ಮ್ಯೂಸಿಯಂನಾಗೆ ಯಾರ್ ಸ್ವಾಮಿ ಬಟ್ಟೆ ಒಗೆಯೋರು?”

“ಬೇರೆ ಕಲ್ಲು ತರಿಸಿಕೊಡ್ತೀವಿ.”

“ಬೇರೆ ಗಂಡನ್ನ ತರಿಸ್ಕೊಡ್ತೀನಿ ಅಂದಿದ್ರೆ ಯೋಚ್ನೆ ಮಾಡ್ತಿದ್ದೆ. ಕಲ್ಲು ಮಾತ್ರ ಬಿಡಾಕಿಲ್ಲ” ಎಂದು ಆಕೆ ಅದರ ಮೇಲೆಯೇ ಕುಳಿತುಬಿಟ್ಟಳು.

ಊರಿನ ಹೆಸರು ಪುಸ್ತಕದಲ್ಲಿ ಬರುತ್ತದೆಂದು ಹಿಗ್ಗಿದ್ದ ಜನ ಕೈಮುಗಿದು, ಕಾಲು ಹಿಡಿದು ಆಕೆಯನ್ನು ಎಬ್ಬಿಸಿದರು. ನಾಲ್ವರು ಹಾರೆ ಹಾಕಿ ಕಲ್ಲನ್ನು ಕಿತ್ತು ಮಗುಚಿದರು.

“ತಡೀರಿ, ಕೊಳೆ ತೆಗೆಯೋದು ನನ್ ಕೆಲ್ಸ” ಎಂದು ದ್ಯಾವಮ್ಮನೇ ನೀರು ಸುರಿದು ಉಜ್ಜಿದಳು.

ಮೇಷ್ಟ್ರು ಕನ್ನಡಕ ಏರಿಸಿ, ಊರೆಲ್ಲ ಕೇಳುವಂತೆ ಓದತೊಡಗಿದರು:

“ಈ ಕಲ್ಲನ್ನು ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಬಿಟ್ಟುಕೊಟ್ಟಿದ್ದೇವೆ. ಇದನ್ನು ಕಿತ್ತವರೂ ಕೀಳಿಸಿದವರೂ ಸಾವಿರ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವರು.”