ಮೊದಲ ಬಿತ್ತನೆ

ಬೇಟೆ ಸಿಗದ ಆ ಬಯಲನ್ನು ಬಿಟ್ಟು ಗುಂಪು ಹೊರಟು ನಿಂತಿತ್ತು. ನಾಯಕನ ಅವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇಲ್ಲಿ ಒಂದು ಹಿಡಿ ಕಾಳು ಹೂತಿದ್ದೀನಿ. ಒಂದಕ್ಕೆ ನೂರಾಗುತ್ತೆ, ಕಾಯಿರಿ."

"ತಿನ್ನೋ ಕಾಳನ್ನ ಮಣ್ಣಿಗೆ ಹಾಕಿದೆಯಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದು ಮಗ ರೇಗಿದ.

"ಹೋಗೋರು ಹೋಗಿ. ನಾನಂತೂ ಬರಲ್ಲ."

ಹೆತ್ತವಳನ್ನು ಬಿಟ್ಟುಹೋಗಲು ಅವನಿಗೆ ಮನಸ್ಸಾಗಲಿಲ್ಲ. ಎಲ್ಲರೂ ಅವನನ್ನು ಬೈಯುತ್ತಲೇ ಗೆಡ್ಡೆ ಅಗೆದು ತಿಂದು, ಅರೆಹೊಟ್ಟೆಯಲ್ಲಿ ಕಾದರು. ಮಳೆ ಬಿತ್ತು. ನಾಲ್ಕು ಹುಣ್ಣಿಮೆ ಕಳೆಯುವಷ್ಟರಲ್ಲಿ ಅವ್ವನ ಸುತ್ತ ತೆನೆಗಳು ತೂಗಿದವು.

ಸುದ್ದಿ ಕೇಳಿ ಬೆಟ್ಟದಾಚೆಯವರು ಹೇಳಿಕಳಿಸಿದರು. ಮಗ ಹೆಮ್ಮೆಯಿಂದ ಬೀಗುತ್ತಾ ಬಂದ.

"ಏಳವ್ವ, ಬೆಟ್ಟ ದಾಟಿ ಹೋಗಿ ಅವರಿಗೂ ಈ ವಿದ್ಯೆ ಕಲಿಸಿ ಬರೋಣ."

"ಅಯ್ಯೋ ಮಂಕುದಿಣ್ಣೆ, ನಡೆಯೋಕಾಗದೇ ತಾನೇ ನಾನು ಕಾಳು ಬೆಳೆಯುತ್ತೆ ಅಂತ ಸುಳ್ಳು ಹೇಳಿದ್ದು!"