ಮೂಗಿನ ಮುಂದೆ ಒಂದು ಮೊಳ

ಹೋದ ವರ್ಷದ ಬೇಟೆಯಲ್ಲಿ ಉತ್ತಯ್ಯನ ಗುಂಡಿಗೆ ಬೊಳ್ಳವ್ವನ ಗಂಡ ಸತ್ತಿದ್ದ. ಓಡುವ ಹಂದಿಗೆ ಹೊಡೆದದ್ದು, ಅದರ ಹಿಂದೆ ಓಡಿಬರುತ್ತಿದ್ದವನಿಗೆ ತಗುಲಿತು ಎಂದು ಉತ್ತಯ್ಯ ಎಲ್ಲರೆದುರು ಅತ್ತಿದ್ದ. ಇಬ್ಬರ ನಡುವೆ ಗದ್ದೆಯ ಗಡಿಯ ಜಗಳವಿದ್ದರೂ ಊರು ಅವನನ್ನು ನಂಬಿತ್ತು. ಈಗ ಅವಳೇ ಗಂಡನ ಕೋವಿ ಹಿಡಿದು ಬಂದು, "ಗದ್ದೇಲಿ ಹಂದಿ ಕಾಟ. ಗುರಿ ಕಲಿಸಿಕೊಡಿ ಅಣ್ಣ" ಎಂದಾಗ ಉತ್ತಯ್ಯನಿಗೆ ಎದೆಯ ಭಾರ ಇಳಿದಂತಾಯಿತು.

ಹಳೆಯ ಸ್ಕೂಟರ್ ಟೈರಿಗೆ ರಟ್ಟು ಕಟ್ಟಿ ಅವನು ಇಳಿಜಾರಿನಲ್ಲಿ ಉರುಳಿಬಿಡುತ್ತಿದ್ದ. ಅವಳು ಹೊಡೆಯುತ್ತಿದ್ದಳು.

"ಓಡೋ ಹಂದಿಯ ಮೈಗೆ ಗುರಿ ಇಟ್ರೆ ಗುಂಡು ಹಿಂದೆ ಬೀಳುತ್ತೆ. ಕೋವೀನ ಅದರ ಜೊತೇಲೇ ಓಡಿಸು. ಮೂಗು ದಾಟಿದ ಮೇಲೆ ಟ್ರಿಗರ್ ಎಳಿ, ಎಳೆಯುವಾಗ ಕೈ ನಿಲ್ಲಿಸಬೇಡ."

ಒಂದು ಸಂಜೆ ರಟ್ಟಿನ ನಟ್ಟನಡುವೆ ತೂತು ಬಿತ್ತು. ಉತ್ತಯ್ಯ ಖುಷಿಯಿಂದ ಇಳಿದುಬಂದು ಟೈರು ಎತ್ತಿಕೊಂಡ. ಬೊಳ್ಳವ್ವ ಕೋವಿಗೆ ಮತ್ತೊಂದು ತೋಟಾ ತುಂಬುತ್ತ ಕೇಳಿದಳು:

"ಅವತ್ತು ನೀವು ಹಂದಿಯ ಮೈಗೇ ಗುರಿ ಇಟ್ಟಿದ್ರೇನೋ?"

ಉತ್ತಯ್ಯನಿಗೆ ಅವಮಾನವಾಯಿತು. "ನಾನಾ? ಅಂಥ ತಪ್ಪು ನನ್ನ ಕೈಯಿಂದ ಆಗಲ್ಲ. ಅವತ್ತೂ ಅದರ ಮೂಗಿಂದ ಒಂದು ಮೊಳ ಮುಂದೇನೇ ಹೊಡೆದಿದ್ದೆ."

"ಹಾಗಾದ್ರೆ ಹಿಂದೆ ಬರ್ತಿದ್ದವರಿಗೆ ಹೇಗೆ ತಗುಲಿತು?"

ಅವನ ಕೈಯಲ್ಲಿದ್ದ ಟೈರು ಜಾರಿತು. ಕೋವಿಯ ನಳಿಗೆ ನಿಧಾನವಾಗಿ ಅವನತ್ತ ತಿರುಗಿತ್ತು.

"ಕೆಳಗಿಡು ತಂಗಿ."

"ಓಡಿ ಅಣ್ಣ. ನಿಂತವರಿಗೆ ಹೊಡೆಯೋದನ್ನ ನೀವು ನನಗೆ ಕಲಿಸಿಲ್ಲ."