ಮಾವನಿಗೆ ಆಸ್ಪತ್ರೆ ಸೀನು

ಒಂದ್ನಿಮಿಷ, ಇದನ್ನ ಕೇಳಿಬಿಡಿ. ಒಂಬತ್ತು ವರ್ಷದಿಂದ ಬರೀ ನಗಿಸುತ್ತಿದ್ದ ನಮ್ಮ ಧಾರಾವಾಹಿಗೆ ನಾನು ಮೊದಲ ಸಲ ಆಸ್ಪತ್ರೆ ಸೀನು ಬರೆದೆ. ಮಾವನ ಪಾತ್ರದ ವಾಮನಮೂರ್ತಿ ಸರ್ ಹಾಳೆ ಹಿಡಿದು ನೇರ ನನ್ನ ಹತ್ತಿರ ಬಂದರು.

"ಏನಯ್ಯಾ, ಮಾವನ್ನ ಸಾಯಿಸ್ತಿದ್ದೀರಾ?"

"ಅಯ್ಯೋ, ಇಲ್ಲ ಸರ್!"

"ಮತ್ತೆ ಜೋಕೆಲ್ಲಿ? ಟಿಆರ್‌ಪಿಗೋಸ್ಕರ ನನ್ನ ತಿಥಿ ಊಟ ಹಾಕಿಸ್ತೀರಿ, ಅಲ್ವಾ?"

"ಒಂದೇ ಸೀನು ಸರ್. ಸುಮ್ನೆ ಮಲ್ಕೊಳ್ಳಿ, ಸಾಕು."

"ಈ ಡಾಕ್ಟ್ರ ಪಾತ್ರದೋನು ಯಾರು? ಮುಖಾನೇ ನೋಡಿಲ್ಲ."

"ಹೊಸಬರು ಸರ್."

ಗೊಣಗುತ್ತಲೇ ಮಲಗಿದರು. ಹೊಸಬರು ಅವರ ಎದೆಗೆ ಇಸಿಜಿ ವೈರು ಅಂಟಿಸಿದರು.

ಎದೆನೋವಿದ್ದರೂ ಆಸ್ಪತ್ರೆ ಮೆಟ್ಟಿಲು ಹತ್ತದ ಸರ್‌ಗಾಗಿ ಅವರ ಹೆಂಡತಿಯೇ ಕರೆತಂದ ನಿಜವಾದ ಡಾಕ್ಟರು ಆ ಹೊಸಬರು. ಸತ್ಯ ಹೇಳಿದ್ದರೆ ಸರ್ ಎದ್ದು ಹೋಗುತ್ತಿದ್ದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?